ಮೂರು ಗಂಟೆ ಮೂವತ್ತಾರು ನಿಮಿಷ

ಕಾಫಿ ಉಕ್ಕಿ ಒಲೆಯ ಮೇಲೆ ಸುರಿಯಿತು. ತನ್ನ ಅಡುಗೆಮನೆಯಲ್ಲಿ ಮೆತೋದಿ ಅದನ್ನು ನೋಡುತ್ತ ನಿಂತನೇ ಹೊರತು ಪಾತ್ರೆ ಇಳಿಸಲಿಲ್ಲ. ಕೊನೆಗೆ ನಾನೇ ಎದ್ದು ಒಲೆ ಆರಿಸಿದೆ.

"ಕೂತ್ಕೋ," ಎಂದೆ.

ಕೂತ. ನಮ್ಮಿಬ್ಬರ ನಡುವೆ ಮೇಜಿನ ಮೇಲೆ ಒಂದು ಗೋಡೆ ಕ್ಯಾಲೆಂಡರ್ ಇತ್ತು. ಚರ್ಚಿನವರು ಹಂಚುವಂಥದ್ದು, ಸಂತರ ದಿನಗಳಿಗೆಲ್ಲ ಕೆಂಪು ಅಕ್ಷರ. ನಾನು ಅದನ್ನು ಚೀಲದಿಂದ ತೆಗೆದಿಟ್ಟಾಗಿನಿಂದ ಅವನು ಒಂದು ಸಲವೂ ಅದರ ಕಡೆ ನೋಡಿರಲಿಲ್ಲ. ಕಣ್ಣೆದುರು ಇರುವುದನ್ನು ನೋಡದೆ ಇರುವುದಕ್ಕೆ ಬಹಳ ಶ್ರಮ ಬೇಕು.

"ಇದು ಯಾರ ಮನೇದು, ಗೊತ್ತಾ?"

"ನನಗೆ ಹೇಗೆ ಗೊತ್ತಾಗ್ಬೇಕು, ಇನ್‌ಸ್ಪೆಕ್ಟರಮ್ಮ?"

"ನೆವೆಂಕಾ ಮನೇದು. ಅಡುಗೆಮನೆ ಗೋಡೆಯಲ್ಲಿ ನೇತಾಡ್ತಿತ್ತು."

ಅವನು ಅಂಗಿಯ ತೋಳನ್ನು ಕೆಳಗೆಳೆದುಕೊಂಡ.

ಕಳೆದ ವಾರ ಗುರುವಾರ ಸಂಜೆ ಆರು ದಾಟುತ್ತಿದ್ದಂತೆ, ಉಡುಪಿನ ಫ್ಯಾಕ್ಟರಿಯ ಎದುರಿಗೆ ರಸ್ತೆಯಾಚೆ ಇದ್ದ ಬಟ್ಟೆ ಗೋದಾಮಿಗೆ ಬೆಂಕಿ ಬಿತ್ತು. ಹೊರಗಿನಿಂದ ಬೀಗ ಹಾಕಿದ್ದ ಆ ಗೋದಾಮಿನೊಳಗೆ ಕಾವಲುಗಾರ ಸ್ಪಾಸೆ ಸತ್ತ. ಶನಿವಾರ ನಾನು ನೆವೆಂಕಾಳನ್ನು ಬಂಧಿಸಿದೆ.

ಕಾರಣ ನನ್ನ ಬಳಿ ಎರಡಿದ್ದವು. ಬೆಂಕಿ ಬಿದ್ದ ದಿನ ಬೆಳಿಗ್ಗೆ ಫ್ಯಾಕ್ಟರಿ ಗೇಟಿನಲ್ಲಿ ಅವಳು ಸ್ಪಾಸೆಯ ಮೇಲೆ ಎಗರಿಬಿದ್ದು "ನೀನು ಉರಿದು ಬೂದಿಯಾಗ" ಎಂದು ಶಪಿಸಿದ್ದನ್ನು ಅರ್ಧ ಫ್ಯಾಕ್ಟರಿ ಕೇಳಿತ್ತು. ಎರಡನೆಯದು, ಅವಳ ಸುಳ್ಳು. ಬೆಂಕಿ ಬಿದ್ದಾಗ ಎಲ್ಲಿದ್ದೆ ಎಂದರೆ, "ಏಳು ಗಂಟೆವರೆಗೂ ಮಿಷನ್ ಮುಂದೆ" ಎಂದಳು. ಮ್ಯಾನೇಜರ್ ಕೊಸ್ತಾದಿನ್ ಕೊಟ್ಟ ಹಾಜರಿ ಹಾಳೆಯಲ್ಲಿ ಅವಳು ಮೂರೂವರೆಗೇ ಗೇಟು ದಾಟಿದ್ದಳು. ಅವಳ ಹೊಲಿಗೆ ಸಾಲಿನ ಉಳಿದ ನಲವತ್ತು ಹೆಂಗಸರೂ ಮೂರೂವರೆಗೆ ಮನೆಗೆ ಹೋದೆವು ಎಂದು ನನ್ನೆದುರು ಸಹಿ ಮಾಡಿದ್ದರು.

ಆ ಹಾಳೆಯನ್ನು ನಾನು ಅವಳ ಮೂಗಿನ ಮುಂದೆ ಹಿಡಿದೆ. "ಕಾಗದ ಸುಳ್ಳು ಹೇಳುತ್ತಾ?" ಎಂದು ಕೇಳಿದೆ.

"ಕಾಗದಕ್ಕೇನು ಗೊತ್ತು," ಎಂದಳು ನೆವೆಂಕಾ. "ಬರೆದೋರನ್ನ ಕೇಳಿ."

ಅವಳು ಆಗ ಅಂಗಳದಲ್ಲಿ ಚಳಿಗಾಲಕ್ಕೆ ಐವಾರ್ ಗೊಜ್ಜು ಕಾಯಿಸುತ್ತಿದ್ದಳು. ಸುಟ್ಟ ಕೆಂಪು ಮೆಣಸಿನಕಾಯಿಯ ಸಿಪ್ಪೆ ಅವಳ ಕೈತುಂಬ ಅಂಟಿತ್ತು. ಆ ಕೈಗಳಿಗೇ ಕೋಳ ಹಾಕಿಸಿದೆ. ತೊಳೆದುಕೊಂಡು ಬರುತ್ತೇನೆ ಎಂದಳು, ಬೇಡ ಎಂದೆ. ಬೇಲಿಗೆ ಎದೆಯೂರಿ ನಿಂತಿದ್ದ ನೆರೆಹೊರೆಯವರ ಮುಂದೆ ಜೀಪು ಹತ್ತಿಸಿದೆ. ಹಿಂದೆ ಕಡಾಯಿ ತಳ ಹಿಡಿದು ಸೀಯುವ ವಾಸನೆ ಬೀದಿಯ ಕೊನೆಯವರೆಗೂ ಬಂತು. ಯಾರೂ ಹೋಗಿ ಒಂದು ಸಲ ತಿರುವಲಿಲ್ಲ. ನನಗೂ ಹೇಳಬೇಕು ಅನ್ನಿಸಲಿಲ್ಲ.

ಅವತ್ತಿನಿಂದ ನನ್ನ ಅಮ್ಮ ನನ್ನ ಜೊತೆ ಮಾತು ಬಿಟ್ಟಳು. ಅಮ್ಮ ಈ ಶ್ಟಿಪ್ ಊರಿನ ಹಳೆಯ ಗಿರಣಿಯಲ್ಲಿ ಮೂವತ್ತೊಂದು ವರ್ಷ ಹೊಲಿದವಳು. ನೆವೆಂಕಾ ಹದಿನೆಂಟರ ಹುಡುಗಿಯಾಗಿ ಬಂದಾಗ ಅವಳಿಗೆ ಜೇಬು ಕೂರಿಸುವುದನ್ನು ಕಲಿಸಿದವಳು ಅಮ್ಮನೇ. ಐದು ದಿನ ತಟ್ಟೆಯನ್ನು ಕುಕ್ಕಿ ಇಟ್ಟು ಹೋಗುತ್ತಿದ್ದಳು. ಆರನೆಯ ದಿನ, ನಿನ್ನೆ ಬೆಳಿಗ್ಗೆ, ಬ್ರೆಡ್ಡು ಕತ್ತರಿಸುತ್ತ, ನನ್ನ ಮುಖ ನೋಡದೆ ಕೇಳಿದಳು:

"ಇಲಿಂಕಾ, ನಿನ್ನನ್ನ ಸ್ಕೂಲಿಂದ ಕರ್ಕೊಂಡು ಬರೋಕೆ ನಾನು ಯಾವತ್ತಾದ್ರೂ ಮೂರೂವರೆಗೆ ಬಂದಿದ್ದೀನಾ?"

ಬಂದಿರಲಿಲ್ಲ. ಒಂದು ದಿನವೂ ಬಂದಿರಲಿಲ್ಲ. ಶಾಲೆಯ ಮೆಟ್ಟಿಲ ಮೇಲೆ ಕೂತು ನಾನು ಜವಾನನ ಜೊತೆ ಕತ್ತಲಾಗುವುದನ್ನು ಕಾಯುತ್ತಿದ್ದೆ. ಹೊಲಿಗೆಯವಳ ಮಗಳಾಗಿಯೂ, ಮೂರೂವರೆ ಎಂದು ಅಚ್ಚಾದ ಹಾಳೆಯನ್ನು ನಂಬಿದ್ದೆ.

ಬ್ರೆಡ್ಡನ್ನು ತಟ್ಟೆಯಲ್ಲೇ ಬಿಟ್ಟೆ. ಸೀದಾ ಠಾಣೆಗೆ ಹೋಗಿ ನೆವೆಂಕಾ ಮನೆಯಿಂದ ತಂದಿದ್ದ ಸಾಮಾನಿನ ಪೆಟ್ಟಿಗೆಯನ್ನು ಮೊದಲ ಸಲ ಸರಿಯಾಗಿ ತೆರೆದೆ. ಈ ಕ್ಯಾಲೆಂಡರ್ ಸಿಕ್ಕಿದ್ದು ಆಗ.

*

"ನೋಡು ಮೆತೋದಿ. ಜನವರಿಯಿಂದ ಪ್ರತಿ ದಿನದ ಪಕ್ಕ ಪೆನ್ಸಿಲಲ್ಲಿ ಬರೆದಿದ್ದಾಳೆ. ಎರಡು ಗಂಟೆ ಐವತ್ತೊಂದು ನಿಮಿಷ. ಮೂರು ಗಂಟೆ ಏಳು ನಿಮಿಷ. ಎರಡು ಗಂಟೆ ನಲವತ್ನಾಲ್ಕು. ಇದೇನಿದು?"

"ಏನೋ ಅವಳ ಲೆಕ್ಕ."

"ಗೋಡೆ ಗಡಿಯಾರ ನೋಡಿ ಲೆಕ್ಕ ಇಡೋಳು ಎರಡೂವರೆ ಅಂತ ಬರೀತಾಳೆ, ಮೂರು ಅಂತ ಬರೀತಾಳೆ. ಐವತ್ತೊಂದು ನಿಮಿಷ ಅಂತ ಬರೆಯೋಳು ಯಾರು? ಅವಳಿಗೆ ಇದನ್ನ ಯಾರೋ ಲೆಕ್ಕ ಹಾಕಿ ಕೊಟ್ಟಿದ್ದಾರೆ. ಯಾವುದೋ ಮಿಷನ್ನು ಲೆಕ್ಕ ಹಾಕಿದೆ. ಏಪ್ರಿಲ್ ಹನ್ನೊಂದಕ್ಕೆ ನಿಂತುಹೋಗಿದೆ. ಹಾಜರಿ ಗುಮಾಸ್ತ ನೀನು. ನೆವೆಂಕಾನ ಹಿಡಿದ ದಿನದಿಂದ ಕಾಯಿಲೆ ರಜೆ ಹಾಕಿ ಮನೇಲಿ ಕೂತಿರೋನೂ ನೀನು."

"ನನಗೆ ಹೊಟ್ಟೆ ಸರಿಯಿಲ್ಲ."

"ಅದು ಕಾಣ್ತಿದೆ."

ಅವನು ಎದ್ದು ಕಿಟಕಿಯ ಬಳಿ ಹೋದ. ಮೂವತ್ತನಾಲ್ಕರ ಗಂಡಸು, ಬೆನ್ನು ಮಾತ್ರ ಐವತ್ತರವನದು. ಕೆಳಗೆ ನೊವೊ ಸೆಲೊ ಬೀದಿಯಲ್ಲಿ ಯಾರೋ ಸೌದೆ ಸೀಳುತ್ತಿದ್ದರು. ಒಳ್ಳೆಯ ಬಿಸಿಲಿತ್ತು.

"ನೆವೆಂಕಾ ನನ್ನ ಹೆಸರು ಹೇಳಿದ್ಳಾ?" ಬೆನ್ನು ತಿರುಗಿಸಿಕೊಂಡೇ ಕೇಳಿದ.

"ಇಲ್ಲ. ಆರು ದಿನದಲ್ಲಿ ಒಂದು ಸಲವೂ ಎತ್ತಿಲ್ಲ. ಎತ್ತಿದ್ದಿದ್ರೆ ಅವತ್ತೇ ಮನೆಗೆ ಹೋಗ್ತಿದ್ಳೋ ಏನೋ."

ಅವನ ಭುಜ ಅಲುಗಿತು. ಅಳುತ್ತಿದ್ದಾನೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಸದ್ದೇ ಇರಲಿಲ್ಲ.

"ಅವಳೇ ಕೇಳಿದ್ದು," ಎಂದ ಕೊನೆಗೆ. "ಕ್ರಿಸ್‌ಮಸ್ ಕಳೆದ ಮೇಲೆ ಒಂದಿನ ನನ್ನ ಕಿಟಕಿ ಹತ್ರ ಬಂದ್ಳು. ಅವರಮ್ಮ ಹಾಸಿಗೆ ಹಿಡಿದಿದ್ರು, ಗೊತ್ತಲ್ಲ? 'ಮೆತೋ, ನೀನು ಕಂಪ್ಯೂಟರ್ ಬಲ್ಲೋನು. ನಾನು ಇಲ್ಲಿ ಜಾಸ್ತಿ ಎಷ್ಟು ಹೊತ್ತು ಕೂತಿರ್ತೀನಿ ಅಂತ ಲೆಕ್ಕ ಹಾಕಿ ಕೊಡ್ತೀಯಾ?' ಅಂದ್ಳು. ಓಟಿ ದುಡ್ಡು ಕೇಳೋಕಾ ಅಂದೆ. ನಕ್ಕುಬಿಟ್ಳು. 'ದುಡ್ಡು ಕೊಡೋ ಮುಖಾನಾ ಅದು? ಅಮ್ಮನ ಪಕ್ಕ ನಾನು ಎಷ್ಟು ಹೊತ್ತು ಇರಲಿಲ್ಲ ಅಂತ ನನಗೆ ಗೊತ್ತಿರ್ಬೇಕು' ಅಂದ್ಳು."

ನಾನು ಕ್ಯಾಲೆಂಡರಿನಲ್ಲಿ ಮಾರ್ಚ್ ತಿಂಗಳು ನೋಡಿದೆ. ಒಂಬತ್ತನೆಯ ತಾರೀಖಿಗೆ ಒಂದು ಶಿಲುಬೆ. ಅದರ ಪಕ್ಕ ಎಂದಿನಂತೆ ಪೆನ್ಸಿಲ್ಲಿನಲ್ಲಿ: ಎರಡು ಗಂಟೆ ಐವತ್ತೆಂಟು ನಿಮಿಷ. ತಾಯಿ ಸತ್ತ ದಿನ.

"ಹಾಜರಿ ಪುಟವನ್ನ ಎಲ್ಲರೂ ಅವರವರ ಫೋನಲ್ಲೋ ಮನೆ ಕಂಪ್ಯೂಟರಲ್ಲೋ ನೋಡ್ಬಹುದು," ಮೆತೋದಿ ಹೇಳಿದ. "ಬಂದ ಹೊತ್ತು, ಹೋದ ಹೊತ್ತು ಇರುತ್ತೆ, ಕೂಡಿಸಿ ತೋರ್ಸಲ್ಲ. ನಾನು ಬ್ರೌಸರಿಗೆ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಪುಟ ತೆರೆದು ಒಂದು ಗುಂಡಿ ಒತ್ತಿದ್ರೆ ಮೇಲ್ಗಡೆ ಹಳದಿ ಪಟ್ಟಿ ಬರುತ್ತೆ: ಇವತ್ತು ಓಟಿ ಇಷ್ಟು, ಈ ವಾರ ಇಷ್ಟು. ಅವಳಿಗೊಬ್ಬಳಿಗೆ ಕೊಟ್ಟೆ. ಒಂದು ತಿಂಗಳಲ್ಲಿ ಇಡೀ ಸಾಲಿನ ಹತ್ರ ಇತ್ತು."

"ಆಮೇಲೆ ಕೊಸ್ತಾದಿನ್‌ಗೆ ಗೊತ್ತಾಯ್ತು."

"ಗೊತ್ತಾಯ್ತು."

"ಬೈದನಾ?"

"ಬೈದಿದ್ರೆ ಚೆನ್ನಾಗಿತ್ತು!" ಅವನು ಈಗ ನನ್ನ ಕಡೆ ತಿರುಗಿದ. "ಭುಜ ತಟ್ಟಿದ. ಇಂಥ ಬುದ್ಧಿವಂತನ್ನ ಕತ್ತರಿಸೋ ಮೇಜಿನ ಮೂಲೇಲಿ ಕೂರ್ಸಿದ್ದು ತಪ್ಪು ಅಂದ. ಬಾಗಿಲಿರೋ ರೂಮು ಕೊಟ್ಟ. ಬಾಗಿಲ ಮೇಲೆ ನನ್ನ ಹೆಸರು ಹಾಕ್ಸಿದ. ಎರಡು ದಿನ ಬಿಟ್ಟು, 'ಆ ನಿನ್ನ ಲೆಕ್ಕಾನ ಸ್ವಲ್ಪ ಉಲ್ಟಾ ಮಾಡು ಮಗಾ' ಅಂದ. ನಾನು ಬರೆದಿದ್ದು, ಎಂಟು ಗಂಟೆ ಮೀರಿದ್ದನ್ನ ಎಣಿಸು ಅಂತ. ಅವನಿಗೆ ಬೇಕಾಗಿದ್ದು, ಎಂಟು ಗಂಟೆ ಮೀರಿದ್ದನ್ನ ತೋರ್ಸಬೇಡ ಅಂತ. ಅದೇ ಸಾಲು. ಅರ್ಧ ದಿನದ ಕೆಲಸ."

"ಮಾಡಿದೆ."

"ಮಾಡಿದೆ."

"ಹಾಗಾದ್ರೆ ನನಗೆ ಕೊಸ್ತಾದಿನ್ ಕೊಟ್ಟ ಹಾಜರಿ ಹಾಳೆ…"

"ನಾನೇ ಪ್ರಿಂಟ್ ಹಾಕಿಕೊಟ್ಟಿದ್ದು ಇನ್‌ಸ್ಪೆಕ್ಟರಮ್ಮ. ಯಾತಕ್ಕೆ ಅಂತ ಗೊತ್ತಿತ್ತು. ನೀವು ಕೆಳಗೆ ಜೀಪಲ್ಲಿ ಕೂತಿದ್ದು ಕಿಟಕೀಲಿ ಕಾಣ್ತಿತ್ತು."

ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆದರೆ ಯಾವ ಮುಖದಿಂದ ಬಾರಿಸಲಿ? ಅವನು ಪ್ರಿಂಟ್ ಹಾಕಿದ, ನಾನು ಓದಿದೆ. ಅವನಿಗೆ ಹೆದರಿಕೆಯಾದರೂ ಇತ್ತು. ನನಗೇನಿತ್ತು? ಬೇಗ ಮುಗಿಸಬೇಕು ಎಂಬ ಅವಸರ. ಸೋಮವಾರದ ಪತ್ರಿಕೆಯಲ್ಲಿ ಬರಲಿದ್ದ ನನ್ನ ಫೋಟೋ.

"ಆ ಸ್ಕ್ರಿಪ್ಟ್ ಎಲ್ಲಿದೆ?"

"ಇಲ್ಲ. ಕೊಸ್ತಾದಿನ್ ಎದುರಿಗೇ ಅಳಿಸ್ದೆ. ಹೆಂಗಸರ ಫೋನಲ್ಲಿದ್ದದ್ದು ಪುಟ ಬದಲಾಯಿಸಿದ ಮೇಲೆ ಕೆಲಸ ಮಾಡ್ತಿಲ್ಲ."

"ಮತ್ತೆ ಬರಿ."

"ಏನು?"

"ಕಂಪ್ಯೂಟರ್ ತಗೊಂಡು ಬಾ. ಇಲ್ಲೇ ಕೂತ್ಕೊಂಡು, ನನ್ನೆದುರಿಗೆ ಬರಿ."

*

ಸುಟ್ಟ ಕಾಫಿಯ ವಾಸನೆಯ ಆ ಅಡುಗೆಮನೆಯಲ್ಲಿ ಅವನು ಬರೆಯಲು ಕೂತ. ನಾನು ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡೆ. ನನಗೆ ಅದರ ತಲೆಬುಡ ತಿಳಿಯದು; ಆದರೆ ಒಬ್ಬ ಮನುಷ್ಯ ಸುಳ್ಳು ಬರೆಯುತ್ತಿದ್ದಾನೋ ನಿಜ ಬರೆಯುತ್ತಿದ್ದಾನೋ ಎಂಬುದು ಬೆರಳಿನಲ್ಲಿ ಗೊತ್ತಾಗುತ್ತದೆ. ಮೊದಲು ತಡವರಿಸುತ್ತಿದ್ದ ಅವನ ಬೆರಳುಗಳು ನಾಲ್ಕನೆಯ ಸಾಲಿನ ಹೊತ್ತಿಗೆ ದಾರಿ ಹಿಡಿದವು.

"ಬಾಯ್ಬಿಟ್ಟು ಹೇಳ್ತಾ ಹೋಗು."

"ಇದು ಪುಟದಲ್ಲಿರೋ ಪಟ್ಟಿ ಹುಡುಕುತ್ತೆ. ಇದು ಒಂದೊಂದು ದಿನದ ಸಾಲನ್ನೂ ಎತ್ಕೊಳ್ಳುತ್ತೆ. ಬಂದ ಹೊತ್ತು, ಹೋದ ಹೊತ್ತು, ಎರಡನ್ನೂ ನಿಮಿಷ ಮಾಡುತ್ತೆ. ಒಂದರಿಂದ ಒಂದು ಕಳೆಯುತ್ತೆ. ಊಟದ ಅರ್ಧ ಗಂಟೆ ತೆಗೆಯುತ್ತೆ. ಪಾಳಿಯ ಎಂಟು ಗಂಟೆ ತೆಗೆಯುತ್ತೆ. ಉಳಿದದ್ದು ಓಟಿ."

"ಇಷ್ಟೇನಾ?"

"ಇಷ್ಟೇ. ಬೆರಳು ಮಡಿಸಿ ಎಣಿಸೋರಿಗೂ ಬರೋ ಲೆಕ್ಕ."

ಇಪ್ಪತ್ತೇಳು ಸಾಲು. ನಾನು ಎಣಿಸಿದೆ. ಫ್ಯಾಕ್ಟರಿಯ ಪುಟಕ್ಕೆ ತನ್ನ ಪಾಸ್‌ವರ್ಡ್ ಹಾಕಿ ಒಳಹೋದ. ನೆವೆಂಕಾಳ ಹೆಸರು ಹುಡುಕಿದ. ಕಳೆದ ವಾರದ ಗುರುವಾರ. ಗುಂಡಿ ಒತ್ತಿದ.

ಹಳದಿ ಪಟ್ಟಿ ಬಂತು. ಹೆಚ್ಚುವರಿ: ಸೊನ್ನೆ ಗಂಟೆ ಎರಡು ನಿಮಿಷ.

ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಕ್ಷಣ ನನಗೆ ಸಮಾಧಾನವೇ ಆಯಿತು. ಎರಡು ನಿಮಿಷ! ಹಾಗಾದರೆ ನಾನು ತಪ್ಪು ಮಾಡಿಲ್ಲ. ಹಾಗಾದರೆ ಆ ಕೈಗಳಿಗೆ ಕೋಳ ಹಾಕಿಸಿದ್ದು ಸರಿ. ಒಬ್ಬ ಹೆಂಗಸು ಕೊಲೆಗಾತಿಯೇ ಆಗಿರಲಿ, ನನ್ನ ಲೆಕ್ಕ ಸರಿಯಾಗಿದ್ದರೆ ಸಾಕು ಎಂದು ನನ್ನ ಮನಸ್ಸು ಬೇಡಿಕೊಂಡಿತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನನ್ನನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

"ಇದು ನಾನೇ ಹೊಲಿದ ಮುಚ್ಚಳ," ಎಂದ ಮೆತೋದಿ ಕಹಿಯಾಗಿ. "ಆರು ಐವತ್ತೆಂಟಕ್ಕೆ ಬಂದ್ಳು, ಮೂರೂವರೆಗೆ ಹೋದ್ಳು ಅಂತ ಪುಟ ತೋರಿಸ್ತಿದೆ. ಅದನ್ನೇ ನಂಬಿ ಸ್ಕ್ರಿಪ್ಟ್ ಎಣಿಸ್ತಿದೆ. ಗೇಟಲ್ಲಿ ಕಾರ್ಡ್ ಉಜ್ಜಿದಾಗ ದಾಖಲಾಗೋ ಹೊತ್ತೇ ಬೇರೆ. ಅದು ಪುಟಕ್ಕೆ ಬರುತ್ತೆ, ಬಂದ ತಕ್ಷಣ ನನ್ನ ಕೋಡು ಕತ್ತರಿಸಿ ಮೂರೂವರೆ ಅಂತ ತೋರ್ಸುತ್ತೆ. ಕಣ್ಣಿಗೆ ಕಾಣೋದು ಒಂದು, ಅಡಿಯಲ್ಲಿ ಇರೋದು ಇನ್ನೊಂದು."

"ಅಡಿಯಲ್ಲಿರೋದು ಇನ್ನೂ ಇದೆಯಾ?"

"ಇದೆ. ಅಳಿಸು ಅಂದಿದ್ದ. ಅಳಿಸಿದ್ದೀನಿ ಅಂತ ಹೇಳಿದ್ದೆ." ಅವನು ಕೆಳಗೆ ನೋಡಿದ. "ಅಳಿಸೋಕೆ ಕೈ ಬರ್ಲಿಲ್ಲ. ಹೊರಗೆ ಹೇಳೋಕೆ ಬಾಯೂ ಬರ್ಲಿಲ್ಲ."

ಒಂದು ಸಾಲು ಅಳಿಸಿ ಬೇರೆ ಬರೆದ. ಮತ್ತೆ ಗುಂಡಿ ಒತ್ತುವ ಮೊದಲು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಬಂದದ್ದು ಆರು ಐವತ್ತೆಂಟು. ಹೋದದ್ದು ಸಂಜೆ ಏಳು ನಾಲ್ಕು. ನಡುವೆ ಒಂದು ಸಲವೂ ಗೇಟು ದಾಟಿಲ್ಲ. ಹೆಚ್ಚುವರಿ: ಮೂರು ಗಂಟೆ ಮೂವತ್ತಾರು ನಿಮಿಷ.

ಗೋದಾಮು ಇರುವುದು ಗೇಟಿನಾಚೆ, ರಸ್ತೆಯ ಆ ಬದಿ. ಬೆಂಕಿ ಹೊತ್ತಿದ್ದು ಆರು ಹತ್ತರ ಆಸುಪಾಸು. ನೆವೆಂಕಾ ನಿಜ ಹೇಳಿದ್ದಳು.

ಕೆಳಗೆ ಸೌದೆ ಸೀಳುವ ಸದ್ದು ಹಾಗೇ ಇತ್ತು.

"ಉಳಿದೋರದ್ದೂ ತೆಗಿ," ಎಂದೆ.

ಒಂದೊಂದೇ ಹೆಸರು ತೆಗೆದ. ಏಳು ಎರಡು. ಏಳು ಐದು. ಏಳು ನಾಲ್ಕು. ಮೂರೂವರೆಗೆ ಮನೆಗೆ ಹೋದೆವು ಎಂದು ಸಹಿ ಹಾಕಿದ್ದ ನಲವತ್ತೂ ಹೆಂಗಸರು ಏಳರವರೆಗೆ ಅಲ್ಲೇ ಇದ್ದರು. ನಲವತ್ತು ಸಹಿಗಳನ್ನೂ ನಾನು ಒಂದೇ ಮಧ್ಯಾಹ್ನ ಸಂಗ್ರಹಿಸಿದ್ದೆ. ಎಲ್ಲರೂ ಒಂದೇ ಮಾತನ್ನು ಒಂದೇ ಬಗೆಯಲ್ಲಿ ಹೇಳಿದಾಗ ಅದು ನನಗೆ ಗಟ್ಟಿ ಸಾಕ್ಷಿಯಾಗಿ ಕಂಡಿತ್ತು.

"ಇಷ್ಟು ಜನ ಕೊಸ್ತಾದಿನ್‌ಗೆ ಹೆದರಿ ಸುಳ್ಳು ಹೇಳಿದ್ರಾ? ಜೊತೆಯವಳು ಜೈಲಿಗೆ ಹೋದ್ರೂ?"

ಮೆತೋದಿ ಕಂಪ್ಯೂಟರನ್ನು ಮೆಲ್ಲಗೆ ಮುಚ್ಚಿದ.

"ಹೆದರಿಕೆ ಅಷ್ಟೇ ಅಲ್ಲ," ಎಂದ.

"ಮತ್ತೇನು?"

"ನಿಮಗೆ ಈಗಲೂ ಹೊಳೀಲಿಲ್ವಾ? ಏಳು ನಾಲ್ಕು ಅಂದ್ರೆ ಏನು ಅಂತ?"

"ನೀನೇ ಹೇಳು," ಎಂದೆ.

"ಆರೂಕಾಲಿಗೆ ಎದುರುಗಡೆ ಹೊಗೆ ಕಾಣಿಸ್ತು. ಕಿಟಕಿ ಹತ್ರದ ಹೆಂಗಸರು ಎದ್ದು ನಿಂತ್ರು. ಕೊಸ್ತಾದಿನ್ ಬಾಗಿಲಿಗೆ ಬಂದು, 'ಕೂತ್ಕೊಳ್ಳಿ! ಬರೀ ಬಟ್ಟೆ ಸುಡ್ತಿದೆ, ಒಳಗೆ ಯಾರೂ ಇಲ್ಲ. ಬೆಳಿಗ್ಗೆ ಲಾರಿ ಹೊರಡ್ಬೇಕು. ಹೊರಗೆ ಹೋದ್ರೆ ಪೊಲೀಸ್ರು ನೋಡ್ತಾರೆ, ಇಷ್ಟೊತ್ತಲ್ಲಿ ಇಲ್ಲೇನು ಮಾಡ್ತಿದ್ರಿ ಅಂತ ಕೇಳ್ತಾರೆ' ಅಂದ. ಕೂತ್ಕೊಂಡ್ರು. ಸೈರನ್ ಬಂತು. ಕೂಗಾಟ ಕೇಳಿಸ್ತಿತ್ತು. ನಲವತ್ತೊಂದು ಮಿಷನ್ನೂ ಓಡ್ತಾನೇ ಇತ್ತು ಇನ್‌ಸ್ಪೆಕ್ಟರಮ್ಮ. ಏಳರವರೆಗೂ ಪ್ಯಾಂಟಿಗೆ ಜೇಬು ಹೊಲಿದ್ರು. ನಾನು ನನ್ನ ರೂಮಲ್ಲಿ ಬಾಗಿಲು ಹಾಕ್ಕೊಂಡು ಕೂತಿದ್ದೆ. ಮಾರನೇ ದಿನ, ಒಳಗೆ ಸ್ಪಾಸೆ ಇದ್ದ ಅಂತ ಗೊತ್ತಾಯ್ತು."

ಅವನ ಬಾಯಿ ಸೊಟ್ಟಗಾಯಿತು.

"ಹೊಲೀತಾ ಕೂತಿದ್ವಿ ಅಂತ ಯಾರು ಹೇಳ್ತಾರೆ? ಯಾವ ಬಾಯಲ್ಲಿ ಹೇಳ್ತಾರೆ? ಸ್ಪಾಸೆ ಹೆಂಡತಿ ದಿನಾ ಇವರು ಹೋಗೋ ಅಂಗಡೀಲೇ ಬ್ರೆಡ್ ತಗೋತಾಳೆ. ಮೂರೂವರೆಗೇ ಹೋಗಿದ್ವಿ ಅನ್ನೋದು ಅವರಿಗೆ ಕೊಸ್ತಾದಿನ್ ಹೇಳಿಕೊಟ್ಟ ಸುಳ್ಳಲ್ಲ. ಅದು ನಿಜವಾಗಿರ್ಬಾರ್ದಿತ್ತಾ ಅಂತ ಅವರೇ ಅಂದ್ಕೊಳ್ತಿರೋ ಸುಳ್ಳು."

ನಾನು ಎದ್ದು ನಲ್ಲಿ ತಿರುಗಿಸಿ ಒಂದು ಲೋಟ ನೀರು ಹಿಡಿದು ಅವನ ಮುಂದಿಟ್ಟೆ. ಬೇರೇನು ಮಾಡಬೇಕೆಂದು ತೋಚಲಿಲ್ಲ.

"ಇದನ್ನ ಪ್ರಾಸಿಕ್ಯೂಟರ್ ಎದುರಿಗೆ ಇನ್ನೊಂದು ಸಲ ಬರೀತೀಯಾ?"

"ಕೆಲಸ ಹೋಗುತ್ತೆ."

"ಹೋಗುತ್ತೆ. ನಿನ್ನ ಮೇಲೆ ಕೇಸೂ ಆಗ್ಬಹುದು. ನಾನು ಸುಳ್ಳು ಹೇಳಲ್ಲ."

ಅವನು ನೀರು ಕುಡಿದ. ಲೋಟ ಕೆಳಗಿಟ್ಟು, ಮೊದಲ ಬಾರಿಗೆ ಆ ಕ್ಯಾಲೆಂಡರನ್ನು ತನ್ನ ಕಡೆ ಎಳೆದುಕೊಂಡು ನೋಡಿದ. ಬೆರಳು ಮಾರ್ಚ್ ಒಂಬತ್ತರ ಮೇಲೆ ನಿಂತಿತು.

"ಅವತ್ತೂ ಗುಂಡಿ ಒತ್ತಿದ್ದಾಳೆ ನೋಡಿ," ಎಂದ. "ಕೋಟು ಹಾಕ್ಕೊಂಡು ಬರ್ತೀನಿ, ತಾಳಿ."

*

ಪ್ರಾಸಿಕ್ಯೂಟರ್ ಮೊದಲು ನಂಬಲಿಲ್ಲ. ಮೆತೋದಿ ಅವರ ಕಂಪ್ಯೂಟರಿನಲ್ಲೇ ಇಪ್ಪತ್ತೇಳು ಸಾಲು ಮತ್ತೆ ಬರೆದ. ಅವರು ತಾವೇ ಕಾಗದದ ಮೇಲೆ ಕಳೆಯುವ ಲೆಕ್ಕ ಹಾಕಿ ನೋಡಿದರು. ನಂತರ ಕನ್ನಡಕ ತೆಗೆದು ನನ್ನ ಕಡೆ ನೋಡಿದ ನೋಟವನ್ನು ನಾನು ಬಹಳ ದಿನ ಮರೆಯಲಾರೆ. ಬಿಡುಗಡೆಯ ಆದೇಶಕ್ಕೆ ಸಹಿ ಬಿದ್ದಾಗ ಮಧ್ಯಾಹ್ನ ಮೂರು ಗಂಟೆ.

"ಇದನ್ನ ನಾನೇ ಕೊಡ್ತೀನಿ," ಎಂದೆ.

ಬಂದೀಖಾನೆಯ ಕಾವಲಿನವಳು ಬಾಗಿಲು ತೆರೆದಳು. ನೆವೆಂಕಾ ಮಂಚದ ಅಂಚಿನಲ್ಲಿ ಕೂತಿದ್ದಳು. ಐವತ್ತೆರಡು ವಯಸ್ಸು, ಗಿಡ್ಡ ಆಳು, ಹೊಲಿಗೆಯವರಿಗೆಲ್ಲ ಬರುವ ಬಾಗಿದ ಕುತ್ತಿಗೆ. ಆರು ದಿನದಲ್ಲಿ ಕಣ್ಣು ಒಳಗೆ ಇಳಿದಿತ್ತು. ಉಗುರಿನ ಸಂದಿಯಲ್ಲಿ ಮೆಣಸಿನಕಾಯಿಯ ಕೆಂಪು ಇನ್ನೂ ಹೋಗಿರಲಿಲ್ಲ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವಳ ಮುಂದೆ ನಿಂತಾಗ ಒಂದೂ ಉಳಿಯಲಿಲ್ಲ.

"ನೆವೆಂಕಾ," ಎಂದೆ. "ನೀವು ಹೇಳಿದ್ದು ನಿಜ. ಏಳು ನಾಲ್ಕರವರೆಗೂ ನೀವು ಒಳಗಿದ್ರಿ. ದಾಖಲೆ ಸಿಕ್ಕಿದೆ. ನಿಮ್ಮನ್ನ ಬಿಡುಗಡೆ ಮಾಡಿದ್ದಾರೆ."

ಅವಳು ಕಾಗದ ಮುಟ್ಟಲಿಲ್ಲ. "ಮೆತೋದಿ ಹೇಳಿದ್ನಾ?"

"ಹೇಳಿದ. ಬರೆದೂ ತೋರಿಸಿದ."

"ಅಯ್ಯೋ ಪಾಪ, ಆ ಹೇತ್ಲಾಂಡಿನ ಕೆಲಸದಿಂದ ತೆಗೀತಾರಲ್ಲ."

ಅವಳೆದುರು ನೆಲಕ್ಕೆ ಕುಕ್ಕರುಗಾಲಿನಲ್ಲಿ ಕೂತೆ. ಕಾವಲಿನವಳು ಬೇರೆ ಕಡೆ ಮುಖ ತಿರುಗಿಸಿದಳು.

"ತಪ್ಪಾಯ್ತು," ಎಂದೆ. "ನಿಮ್ಮ ಮಾತು ಕೇಳ್ಬೇಕಿತ್ತು, ಕೇಳ್ಲಿಲ್ಲ. ಕೈ ತೊಳ್ಕೊಳ್ಳೋಕೂ ಬಿಡ್ಲಿಲ್ಲ. ಬೀದಿಯವರ ಮುಂದೆ ಎಳ್ಕೊಂಡು ಬಂದೆ. ನನಗೆ ನಾಚಿಕೆಯಾಗ್ತಿದೆ ನೆವೆಂಕಾ. ಹೇಗೆ ಸರಿ ಮಾಡ್ಬೇಕು ಅಂತ ಗೊತ್ತಿಲ್ಲ."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿದ್ದೆ.

"ವಸಿಲ್ಕಾ ಮಗಳೇ," ಎಂದಳು. ನನ್ನ ಅಮ್ಮನ ಹೆಸರು ಹಿಡಿದು ಅವಳು ಕರೆದದ್ದು ಅದೇ ಮೊದಲು. "ಐವತ್ತೆರಡು ವರ್ಷದಲ್ಲಿ ಇಲ್ಲೀತನಕ ನನ್ನ ಹತ್ರ ಯಾರೂ ತಪ್ಪಾಯ್ತು ಅಂದಿಲ್ಲ. ಫೋರ್‌ಮನ್ ಅಂದಿಲ್ಲ, ಗಂಡ ಅಂದಿಲ್ಲ, ಪೊಲೀಸ್ರಂತೂ ಬಿಡಿ. ಸುಮ್ನೆ ಬಾಗಿಲು ತೆಗೆದು 'ನಡಿ' ಅಂದಿದ್ರೆ ಎದ್ದು ಹೋಗ್ಬಿಡ್ತಿದ್ದೆ. ಯಾಕೆ ಹೀಗೆ ಮಾಡಿದ್ರಿ?"

"ಏನು ಮಾಡಿದೆ?"

"ಎದ್ದೇಳಿ. ಎದ್ದು ಬಾಗಿಲು ಹಾಕೋಕೆ ಹೇಳಿ."

ಕಾವಲಿನವಳು ನನ್ನ ಸನ್ನೆ ನೋಡಿ ಹೊರಗೆ ಹೋದಳು. ನೆವೆಂಕಾ ಎರಡೂ ಅಂಗೈಗಳನ್ನು ಮಂಡಿಯ ಮೇಲೆ ಚಾಚಿಟ್ಟುಕೊಂಡಳು, ಬಟ್ಟೆ ಮಡಿಕೆ ಬಿಡಿಸುವವಳ ಹಾಗೆ.

"ಕ್ಯಾಂಟೀನ್ ಹಿಂದೆ ಬೇಲೀಲಿ ಒಂದು ಕಿಂಡಿ ಇದೆ. ಸಿಗರೇಟು ಸೇದೋಕೆ ಹೋಗ್ತಾರೆ. ಅಲ್ಲಿ ಕಾರ್ಡೂ ಇಲ್ಲ, ಗೇಟೂ ಇಲ್ಲ. ಊರಿಗೆಲ್ಲ ಗೊತ್ತು, ನಿಮಗೊಬ್ರಿಗೆ ಗೊತ್ತಿಲ್ಲ."

ನನ್ನ ಕೈಯಲ್ಲಿದ್ದ ಕಾಗದ ಭಾರವಾಯಿತು.

"ಆರು ಗಂಟೆಗೆ ನಾನು ಮಿಷನ್ ಮುಂದೆ ಇರಲಿಲ್ಲ," ಎಂದಳು. "ಆ ಕಿಂಡಿಯಿಂದ ದಾಟಿ ಗೋದಾಮಿಗೆ ಹೋಗಿದ್ದೆ. ಗೋದಾಮಿನ ಬೀಗ ಹಾಕಿದ್ದು ನಾನೇ."

ಹೊರಗೆ ಎಲ್ಲೋ ಕೀಲಿಗೊಂಚಲು ಸದ್ದಾಯಿತು.

"ಸ್ಪಾಸೆಗೆ ಮನೇಲಿ ನೆಲೆ ಇರಲಿಲ್ಲ. ಎರಡು ತಿಂಗಳಿಂದ ಗೋದಾಮಿನ ಮೇಲಂತಸ್ತಲ್ಲೇ ಮಲಗ್ತಿದ್ದ. ಒಳಗೆ ಯಾರೂ ಇಲ್ಲ ಅಂತ ಕೊಸ್ತಾದಿನ್ ನಂಬ್ಲಿ ಅಂತ ಹೊರಗಿಂದ ಬೀಗ ಹಾಕಿಸ್ಕೋತಿದ್ದ. ದಿನಾ ಆರಕ್ಕೆ ನಾನು ಹೋಗಿ ಹಾಕಿ ಬರ್ತಿದ್ದೆ, ಬೆಳಿಗ್ಗೆ ತೆಗೀತಿದ್ದೆ. ಅವತ್ತು ಬೆಳಿಗ್ಗೆ ಜಗಳ ಆಡಿದ್ದು ಅದಕ್ಕೇ. ಹೆಂಡತಿ ಹತ್ರ ಹೋಗೋ ಮೂರ್ಖ ಅಂತ ಬೈದೆ. ಶಾಪಾನೂ ಹಾಕ್ದೆ. ಆದ್ರೂ ಸಂಜೆ ಹೋಗಿ ಬೀಗ ಹಾಕ್ದೆ." ಅವಳ ದನಿ ಕುಗ್ಗಿತು. "ಸೈರನ್ ಕೇಳ್ದಾಗ ಕೀಲಿಕೈ ನನ್ನ ಏಪ್ರನ್ ಜೇಬಲ್ಲೇ ಇತ್ತು. ಕೂತ್ಕೊಳ್ಳಿ ಅಂದ ಕೊಸ್ತಾದಿನ್. ಕೂತ್ಕೊಂಡೆ. ಉಳಿದೋರಿಗೆ ಗೊತ್ತಿರಲಿಲ್ಲ, ಒಳಗೆ ಯಾರೂ ಇಲ್ಲ ಅಂತಾನೇ ನಂಬಿದ್ರು. ನನಗೆ ಗೊತ್ತಿತ್ತು. ಗೊತ್ತಿದ್ದೂ ಕೂತ್ಕೊಂಡೆ, ವಸಿಲ್ಕಾ ಮಗಳೇ. ಕಾಲು ಏಳ್ಲಿಲ್ಲ. ಕೈ ಮಾತ್ರ ಹೊಲೀತಾನೇ ಇತ್ತು."

ಅವಳು ಮುಖ ಮುಚ್ಚಿಕೊಳ್ಳಲಿಲ್ಲ. ಅಳಲೂ ಇಲ್ಲ. ನಾನೇ ಗೋಡೆಗೆ ಒರಗಿಕೊಂಡೆ.

"ಇದನ್ನ ಬರ್ಕೊಳ್ಳಿ," ಎಂದಳು. "ಇನ್ನೊಂದನ್ನೂ ಬರ್ಕೊಳ್ಳಿ. ನನ್ನ ಮಿಷನ್ ಇರೋದು ಕಿಟಕಿ ಪಕ್ಕ. ಉಳಿದೋರು ಕೂತ್ಕೊಂಡ ಮೇಲೆ, ಹೊಗೆ ನಡುವೆ ಮೇಲಂತಸ್ತಿನ ಗಾಜಿನ ಹಿಂದೆ ಸ್ಪಾಸೆ ನನಗೊಬ್ಬಳಿಗೆ ಕಂಡ. ಎರಡೂ ಕೈಲಿ ಗಾಜು ಬಡೀತಿದ್ದ."

"ನೆವೆಂಕಾ, ಸಾಕು. ಸ್ವಲ್ಪ ತಡೀರಿ."

"ಇಲ್ಲ, ಪೂರ್ತಿ ಕೇಳಿ. ಅವನ ಹಿಂದೆ ಇನ್ನೊಬ್ರು ನಿಂತಿದ್ರು. ಮುಖ ಕಾಣ್ಲಿಲ್ಲ. ಗಾಜು ಬಡೀತಿರ್ಲಿಲ್ಲ, ಸುಮ್ನೆ ನಿಂತಿದ್ರು. ನಾನು ಇಬ್ಬರನ್ನ ಕೊಂದಿದ್ದೀನಿ."

ಬೆಂಕಿ ಆರಿದ ಮೇಲೆ ಆ ಗೋದಾಮನ್ನು ಇಂಚಿಂಚಾಗಿ ಜಾಲಾಡಿದವಳು ನಾನು. ಬೂದಿಯನ್ನೂ ಬಿಡದೆ ಸೋಸಿಸಿದ್ದೆ. ಬೆಂಕಿ ಆರಿಸುವವರು ಒಡೆಯುವವರೆಗೂ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಕಿಟಕಿಗಳಿಗೆ ಸರಳು. ಒಳಗಿದ್ದವರು ಹೊರಬರಲು ಬೇರೆ ದಾರಿಯೇ ಇರಲಿಲ್ಲ.

"ನೆವೆಂಕಾ," ಎಂದೆ ಮೆಲ್ಲಗೆ, "ನಮಗೆ ಸಿಕ್ಕಿದ್ದು ಒಂದೇ ಹೆಣ."